ಹಳೇ ಟೆಲಿಫೋನು, ಗೋಣಿದಾರ, ನಾಲೆ ಏರಿಯ ಒಂಬತ್ತು ಫೋಟೋ

ಒಂಬತ್ತು ಫೋಟೋ, ಒಂಬತ್ತು ತುಂಡು ಗೋಣಿದಾರ, ಹನ್ನೆರಡು ಅಡಿ ಉದ್ದದ ಒಂದು ಬಟ್ಟೆ ನಕ್ಷೆ, ಗುಜರಿ ಅಂಗಡಿಯಿಂದ ತಂದ ಒಂದು ಬಟನ್ ಟೆಲಿಫೋನು. ತಡೆಗೋಡೆ ಇಲ್ಲದ ನಾಲೆ ಏರಿ ರಸ್ತೆಗಳ ಬಗ್ಗೆ ನಾವು ಊರೂರಿಗೆ ಒಯ್ಯುವ ಪ್ರದರ್ಶನದ ಸಾಮಾನು ಇಷ್ಟೇ. ಓಮ್ನಿಯ ಹಿಂದಿನ ಸೀಟು ಮಡಚಿದರೆ ಎಲ್ಲ ಹಿಡಿಸುತ್ತದೆ, ಊರಿಗೆ ಹೋಗಿ ಇಳಿಸಿ ಕಟ್ಟೋಕೆ ಇಬ್ಬರು ಸಾಕು. ಇದನ್ನು ಹೇಗೆ ಮಾಡಿದೆವು, ಎಲ್ಲಿ ಕೈಕೊಟ್ಟಿತು, ಯಾವುದು ಕೆಲಸಕ್ಕೆ ಬಂತು ಅಂತ ಬರೆದಿಡುತ್ತಿದ್ದೇನೆ. ಕೆರೆಯೋ, ಕಸವೋ, ಶಾಲೆಯ ಶೌಚಾಲಯವೋ, ನಿಮ್ಮೂರಿನ ಯಾವುದಾದರೂ ತೊಂದರೆಯ ಫೋಟೋ ತೆಗೆದು ‘ಮುಂದೇನು’ ಅಂತ ಕೂತವರಿಗೆ ಉಪಯೋಗವಾದೀತು.

ವಿಷಯ ವಿಶ್ವೇಶ್ವರಯ್ಯ ನಾಲೆ. ಮೊದಲು ಇರ್ವಿನ್ ನಾಲೆ ಅನ್ನುತ್ತಿದ್ದದ್ದು, ಈಗ ಎಲ್ಲರ ಬಾಯಲ್ಲೂ ವಿ.ಸಿ. ನಾಲೆ. ಕನ್ನಂಬಾಡಿ ಕಟ್ಟೆಯ ನೀರು ಹುಲಿಕೆರೆ ಸುರಂಗ ದಾಟಿ ಬಂದ ಮೇಲೇ ಮಂಡ್ಯ ಸೀಮೆ ಕಬ್ಬು, ಭತ್ತ ಕಂಡಿದ್ದು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದೂ ಈ ನೀರನ್ನೇ ನಂಬಿ. ಅದೇ ನಾಲೆಯ ಏರಿ ಮೇಲೆ ಇವತ್ತು ಬಸ್ಸು, ಕಬ್ಬಿನ ಟ್ರ್ಯಾಕ್ಟರು, ಸ್ಕೂಲ್ ವ್ಯಾನು, ಬೈಕು ಎಲ್ಲ ಓಡುತ್ತವೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ನಾಲೆಗೆ ಉರುಳಿ 30 ಜನ ಹೋದರು. ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಅದರಲ್ಲಿದ್ದರು. ಅವತ್ತೇ ರಾತ್ರಿ ಅಂಬರೀಶ್ ತೀರಿಕೊಂಡರು. ಮಂಡ್ಯದವರಿಗೆ ಆ ದಿನಾಂಕ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಹೊಟ್ಟೆಪಾಡು ಮದುವೆ ಫೋಟೋ. ಮುಹೂರ್ತ ಇಲ್ಲದ ದಿನ ತಡೆಗೋಡೆ ಇಲ್ಲದ ಏರಿ ರಸ್ತೆಗಳ ಫೋಟೋ ತೆಗೆದು ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದೆ. ನಾಲೆ, ತೆಂಗಿನ ಸಾಲು, ಸಂಜೆ ಬಿಸಿಲು: ಎತ್ತ ಕ್ಯಾಮೆರಾ ಹಿಡಿದರೂ ಚೆನ್ನಾಗೇ ಬೀಳುತ್ತದೆ. ‘ಸೂಪರ್ ಅಣ್ಣ, ಯಾವ ಲೆನ್ಸು?’ ಅಂತ ಕೇಳಿದವರು ಬಹಳ. ‘ಇದು ಯಾವ ಊರಿನ ಹತ್ತಿರ?’ ಅಂತ ಕೇಳಿದವರು ಕಡಿಮೆ. ‘ಇಲ್ಲಿ ಯಾಕೆ ಗೋಡೆ ಇಲ್ಲ?’ ಅಂದವರು ಯಾರೂ ಇಲ್ಲ.

ಫೋಟೋಗಳು

ಮೊದಲು ಫೋಟೋ ಕೆಲಸವನ್ನೇ ಸರಿಮಾಡಿದ್ದು. 16 ಎಂಎಂ ಲೆನ್ಸಿನಲ್ಲಿ ತೆಗೆದರೆ ಹತ್ತಿರದ್ದು ಹಿಗ್ಗಿ ದೂರದ್ದು ಕುಗ್ಗುತ್ತದೆ. ಒಂದೂವರೆ ಅಡಿ ಮಣ್ಣಿನ ಅಂಚು ಆಟದ ಮೈದಾನದಂತೆ ಕಾಣುತ್ತದೆ. ದೂರ ನಿಂತು 200 ಎಂಎಂನಲ್ಲಿ ಹಿಡಿದರೆ ಎಲ್ಲ ಒತ್ತಿಕೊಂಡು, ಬಸ್ಸು ಆಗಲೇ ನೀರಿಗೆ ಇಳಿದಂತೆ ಕಾಣುತ್ತದೆ. ಸುದ್ದಿ ಫೋಟೋದವರಿಗೆ ಎರಡನೆಯದು ಇಷ್ಟ. ಆದರೆ ಸಭೆಯಲ್ಲಿ ಯಾರಾದರೂ ಎದ್ದು ‘ಇದು ಕ್ಯಾಮೆರಾ ಕೈಚಳಕ’ ಅಂದರೆ ಮುಗಿಯಿತು. ಹಾಗಾಗಿ ಒಂಬತ್ತಕ್ಕೂ ಹೆಚ್ಚುಕಡಿಮೆ ಬರಿಗಣ್ಣಿಗೆ ಕಂಡಂತೆಯೇ ತೋರಿಸುವ 50 ಎಂಎಂ ಒಂದೇ, ಟ್ರೈಪಾಡು ಬೈಕ್ ಸವಾರನ ಕಣ್ಣಿನ ಮಟ್ಟಕ್ಕೆ. ಟ್ರೈಪಾಡಿನ ಮೂರು ಕಾಲು ನಿಂತ ಜಾಗಕ್ಕೆ ಬಿಳಿ ಪೇಂಟಿನ ಚುಕ್ಕೆ ಇಟ್ಟೆವು. ನಮ್ಮ ಕಡೆ ನಾಲೆಗೆ ನೀರು ಬಿಡೋದು ಕಟ್ಟು ಪದ್ಧತಿಯಲ್ಲಿ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ. ನೀರಿದ್ದಾಗ ಒಂದು, ನಿಂತಾಗ ಅದೇ ಚುಕ್ಕೆಯ ಮೇಲೆ ಇನ್ನೊಂದು ತೆಗೆದು ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇಟ್ಟೆವು. ನೀರು ತುಂಬಿದಾಗ ನಾಲೆ ಎಷ್ಟು ಸಮಾಧಾನವಾಗಿ ಕಾಣುತ್ತದೋ, ಬರಿದಾದಾಗ ಅದರ ಇಳಿಜಾರು ಅಷ್ಟೇ ಕಡಿದಾಗಿ ಕಾಣುತ್ತದೆ.

ಪ್ರಿಂಟು ಮದುವೆ ಆಲ್ಬಂ ಮಾಡಿಕೊಡುವ ಲ್ಯಾಬಿನದೇ, 12x18 ಇಂಚು, ಮ್ಯಾಟ್, 5 ಎಂಎಂ ಸನ್‌ಬೋರ್ಡಿಗೆ (ಹಗುರವಾದ ಫೋಮ್ ಹಲಗೆ) ಅಂಟಿಸಿದ್ದು. ಗ್ಲಾಸಿ ಬೇಡ, ಸಮುದಾಯ ಭವನದ ಟ್ಯೂಬ್‌ಲೈಟು ಅದರೊಳಗೇ ಕೂರುತ್ತದೆ. ‘ಫ್ಲೆಕ್ಸ್ ಮಾಡಿಸಿ, ದೊಡ್ಡದಾಗಿರುತ್ತೆ’ ಅಂದವರಿದ್ದರು. ಫ್ಲೆಕ್ಸನ್ನು ಸರ್ಕಾರ 2016ರಲ್ಲೇ ನಿಷೇಧಿಸಿದೆ, ಅದು ಒಂದು. ಇನ್ನೊಂದು, ನಮ್ಮ ಕಣ್ಣಿಗೆ ಫ್ಲೆಕ್ಸ್ ಅಂದರೆ ಯಾರದೋ ಹುಟ್ಟುಹಬ್ಬದ ಶುಭಾಶಯ. ಓದದೆ ಮುಂದೆ ಹೋಗುವ ಅಭ್ಯಾಸ ಬಿದ್ದುಬಿಟ್ಟಿದೆ.

ದಾರ

ಇಡೀ ಪ್ರದರ್ಶನದಲ್ಲಿ ಅತಿ ಅಗ್ಗದ್ದೂ ಅತಿ ಹೆಚ್ಚು ಮಾತು ಹುಟ್ಟಿಸಿದ್ದೂ ಇದೇ. ಫೋಟೋ ತೆಗೆದ ಪ್ರತಿ ಜಾಗದಲ್ಲೂ ಡಾಂಬರಿನ ಅಂಚಿನಿಂದ ನಾಲೆಯ ಇಳಿಜಾರು ಶುರುವಾಗುವ ತನಕ ಸ್ಟೀಲ್ ಟೇಪು ಹಿಡಿದು ಅಳೆದೆವು. ಅಷ್ಟೇ ಉದ್ದದ ಗೋಣಿದಾರ ಕತ್ತರಿಸಿ, ಒಂದು ತುದಿಗೆ ಜಾಗದ ಹೆಸರು, ದಿನಾಂಕ ಬರೆದ ರಟ್ಟಿನ ಚೀಟಿ ಕಟ್ಟಿ, ಆಯಾ ಫೋಟೋದ ಕೆಳಗೆ ಮೊಳೆಗೆ ನೇತುಹಾಕಿದೆವು. ಬೇಕಾದವರು ದಾರ ಬಿಚ್ಚಿಕೊಂಡು ನೆಲದ ಮೇಲೆ ಹಾಸಿ ನೋಡಬಹುದು.

ನೈಲಾನ್ ದಾರ ಬೇಡ, ಜನ ಎಳೆದೆಳೆದು ನೋಡುತ್ತಾರೆ, ಹಿಗ್ಗುತ್ತದೆ. ಗೋಣಿದಾರವೂ ತೇವಕ್ಕೆ ಉದ್ದ ಬದಲಿಸುತ್ತದೆ, ಅದಕ್ಕೇ ನಾಲೆ ಹತ್ತಿರ ಕತ್ತರಿಸಲಿಲ್ಲ. ಅಳತೆ ಬರೆದುಕೊಂಡು ಬಂದು ಮನೆಯಲ್ಲಿ ಒಣಗಿದ ದಾರ ಕತ್ತರಿಸಿ, ತುದಿ ಬಿಚ್ಚಿಕೊಳ್ಳದಂತೆ ಫೆವಿಕಾಲಿನಲ್ಲಿ ಅದ್ದಿದ್ದು.

ಮೊದಲ ಸಲ ಹಾಕಿದ ಕಡೆ ಹಿಂದೆ ಬಸ್ ಓಡಿಸುತ್ತಿದ್ದ ಹಿರಿಯರೊಬ್ಬರು ಬಂದಿದ್ದರು. ಫೋಟೋಗಳನ್ನು ಕೈ ಹಿಂದೆ ಕಟ್ಟಿಕೊಂಡು ನೋಡುತ್ತಾ ಬಂದವರು ಐದನೇ ದಾರ ಬಿಚ್ಚಿ ನೆಲಕ್ಕೆ ಹಾಕಿದರು. ಚಪ್ಪಲಿ ಬಿಟ್ಟು ಅದರ ಪಕ್ಕ ಪಾದ ಇಟ್ಟು ನೋಡಿದರು. ಒಂದು ಪಾದ, ಎರಡನೆಯದು ಪೂರ್ತಿ ಹಿಡಿಸಲಿಲ್ಲ. ‘ಬಸ್ಸಿನ ಹಿಂದ್ಲು ಚಕ್ರ ಜೋಡಿ ಇರ್ತದೆ ಕನಪ್ಪ. ಆ ಜೋಡಿನೇ ಇದ್ಕಿಂತ ಅಗ್ಲ ಬತ್ತದೆ. ಎದ್ರುಗಡೆ ಇನ್ನೊಂದ್ ಗಾಡಿ ಬಂದ್ರೆ ಎಲ್ಲಿಗೆ ಇಳ್ಸನ?’ ಅಂದರು. ಅವರ ಸುತ್ತ ಜನ ಸೇರಿದ್ದು ಆಗ. ಆಮೇಲೆ ಪ್ರತಿ ಊರಲ್ಲೂ ಇದೇ ನಡೆಯಿತು: ಯಾರೋ ಒಬ್ಬರು ದಾರ ಹಾಸುತ್ತಾರೆ, ಅದರ ಮೇಲೆ ನಿಲ್ಲುತ್ತಾರೆ, ವಾದ ಶುರುವಾಗುತ್ತದೆ.

ಇದು ನಾನು ಕಂಡುಹಿಡಿದ ಉಪಾಯ ಅಂತೇನೂ ಅಲ್ಲ. ಅಮೆರಿಕದಲ್ಲಿ ಲೂಯಿಸ್ ಹೈನ್ ಅನ್ನುವ ಮೇಷ್ಟ್ರು 1908ರಿಂದ ಬಾಲಕಾರ್ಮಿಕರ ಫೋಟೋ ತೆಗೆಯುತ್ತಾ ಗಿರಣಿ ಗಿರಣಿ ಸುತ್ತಿದ. ಮಗುವಿನ ಎತ್ತರವನ್ನು ತನ್ನ ಕೋಟಿನ ಗುಂಡಿಗಳಿಗೆ ಹೋಲಿಸಿ ಅಂದಾಜು ಮಾಡಿಕೊಂಡು, ಜೇಬಿನೊಳಗೇ ಕೈಯಿಟ್ಟು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದನಂತೆ. ಹೆಸರು, ವಯಸ್ಸು, ಎತ್ತರ, ಕೂಲಿ ಎಷ್ಟು ಅನ್ನೋದೆಲ್ಲ ಫೋಟೋ ಜೊತೆಗೇ ಹೋಗುತ್ತಿತ್ತು. ಪೋಸ್ಟರು, ಸ್ಲೈಡ್ ಭಾಷಣ, ಕರಪತ್ರ ಎಲ್ಲದರಲ್ಲೂ ಬಳಕೆಯಾಗುತ್ತಿತ್ತು. ಆದರೂ 1916ರಲ್ಲಿ ಬಂದ ಬಾಲಕಾರ್ಮಿಕ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟು 1918ರಲ್ಲಿ ಹೊಡೆದುಹಾಕಿತು. ಗಟ್ಟಿ ಕಾನೂನು ಬರಲು 1938 ಆಯಿತು. ಫೋಟೋ ಹಾಕಿದ ಮಾರನೇ ದಿನ ತಡೆಗೋಡೆ ಬರಲಿಲ್ಲ ಅಂತ ಗೊಣಗುವ ಹುಡುಗರಿಗೆ ನಾನು ಈ ಇಸವಿಗಳನ್ನು ಹೇಳುತ್ತಿರುತ್ತೇನೆ.

ಬಟ್ಟೆ ನಕ್ಷೆ

ಕಾಗದದ ನಕ್ಷೆ ನಾಲ್ಕು ಊರು ಸುತ್ತಿದರೆ ಮಡಿಕೆಯಲ್ಲೇ ಹರಿಯುತ್ತದೆ. ಬಿಳಿ ಕಾಟನ್ ಬಟ್ಟೆ ತಂದು, ಗಂಜಿ ಹೋಗುವಂತೆ ಒಗೆದು ಒಣಗಿಸಿ ಗೋಡೆಗೆ ಬಿಗಿದೆವು. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಪುಕ್ಕಟೆ ಆನ್‌ಲೈನ್ ನಕ್ಷೆಯಿಂದ ನಾಲೆ, ರಸ್ತೆ, ಊರುಗಳ ಗೆರೆ ತೆಗೆದು ಪ್ರೊಜೆಕ್ಟರಿನಲ್ಲಿ ಅದರ ಮೇಲೆ ಬಿಟ್ಟು ಪೆನ್ಸಿಲಿನಲ್ಲಿ ತಿದ್ದಿದ್ದು. ಪ್ರೊಜೆಕ್ಟರನ್ನು ಗೋಡೆಗೆ ನೇರ ಇಡದಿದ್ದರೆ ಒಂದು ಕಡೆ ಊರು ಹಿಗ್ಗಿ ಇನ್ನೊಂದು ಕಡೆ ಕುಗ್ಗುತ್ತದೆ, ನಾಲ್ಕು ಮೂಲೆ ಟೇಪಿನಲ್ಲಿ ಅಳೆದು ನೋಡಿ. ಆಮೇಲೆ ಸ್ತ್ರೀಶಕ್ತಿ ಸಂಘದ ಅಕ್ಕಂದಿರು ನಾಲೆಯನ್ನು ನೀಲಿ ದಾರದಲ್ಲಿ, ಡಾಂಬರು ರಸ್ತೆಯನ್ನು ಕಪ್ಪಿನಲ್ಲಿ, ಮಣ್ಣಿನ ಏರಿಯನ್ನು ಕಂದು ದಾರದಲ್ಲಿ ಹೊಲಿದರು. ಹೊಲಿಗೆಗೆ ದಿನಗೂಲಿ ಕೊಟ್ಟೆವು. ಸಮಾಜಸೇವೆ ಅಂತ ಹೆಂಗಸರ ಕೈಲಿ ಪುಕ್ಕಟೆ ಕೆಲಸ ಮಾಡಿಸುವ ಅಭ್ಯಾಸ ನನಗೆ ಸೇರುವುದಿಲ್ಲ.

ಸೂಜಿ ಹಾಕುವ ಮೊದಲೇ ಜಗಳ ಶುರು. ‘ಇದೇನ್ ಮಗ, ನಮ್ ಬಟ್ಟೆ ಒಗ್ಯೋ ಮೆಟ್ಲೇ ಇಲ್ವಲ್ಲ ಇದ್ರಲ್ಲಿ?’ ಅಂತ ಒಬ್ಬರು. ‘ತೂಬು ಅಲ್ಲಲ್ಲ, ಇನ್ನೂ ಈಚೆಗೆ’ ಅಂತ ಇನ್ನೊಬ್ಬರು. ಫೋಟೋ ನೋಡಿದವರು ಚೆನ್ನಾಗಿದೆ ಅಂದಿದ್ದರು. ನಕ್ಷೆ ನೋಡಿದವರು ತಪ್ಪಿದೆ ಅಂದರು. ನಮಗೆ ಬೇಕಾಗಿದ್ದದ್ದು ಎರಡನೆಯದು. ನಾನು ತಲೆಯಲ್ಲಿ ಇಟ್ಟುಕೊಂಡಿದ್ದದ್ದು ಬಸ್ಸು, ಕಾರು ಬೀಳುವುದನ್ನು. ಅವರು ಹೇಳಿದ್ದು ಪಾಚಿ ಕಟ್ಟಿದ ಮೆಟ್ಟಿಲು, ಒಗೆಯುವಾಗ ಜಾರಿದರೆ ಹಿಡಿದುಕೊಳ್ಳಲು ಒಂದು ಕಂಬಿ ಇಲ್ಲದಿರುವುದು, ನೀರು ಬಿಟ್ಟ ದಿನ ಗೊತ್ತಾಗದೆ ಇಳಿಯುವ ಮಕ್ಕಳು. ಅವರು ತೋರಿಸಿದ ಮೆಟ್ಟಿಲುಗಳಿಗೆಲ್ಲ ಕೆಂಪು ದಾರದ ಅಡ್ಡಗೆರೆ ಬಿತ್ತು. ಒಂಬತ್ತು ಫೋಟೋಗಳಲ್ಲಿ ಮೂರನ್ನು ತೆಗೆದುಹಾಕಿ ಮೆಟ್ಟಿಲುಗಳ ಫೋಟೋ ಸೇರಿಸಿದ್ದು ಇದಾದ ಮೇಲೆ. ಅಲ್ಲಿ ದಾರದ ಅಳತೆಯೂ ಬೇರೆ: ಕೊನೇ ಮೆಟ್ಟಿಲಿನಿಂದ ನಾಲೆಯ ತಳಕ್ಕೆ, ನೀರು ನಿಂತ ದಿನ ಅಳೆದದ್ದು.

ಟೆಲಿಫೋನು

ಈಗ ಕೆಲಸ ಜಾಸ್ತಿ ತಿಂದ ಭಾಗ. ಜನರ ಮಾತನ್ನು ಫೋಟೋ ಜೊತೆ ಕೇಳಿಸಬೇಕು. ಕ್ಯೂಆರ್ ಕೋಡು ಹಾಕಬಹುದಿತ್ತು, ಆದರೆ ಅದಕ್ಕೆ ಸ್ಮಾರ್ಟ್‌ಫೋನು, ಡೇಟಾ, ಸಿಗ್ನಲ್ಲು ಮೂರೂ ಬೇಕು. ಅಜ್ಜಿಗೆ ಮೂರೂ ಇಲ್ಲ. ಸ್ಪೀಕರ್ ಇಟ್ಟರೆ ಗ್ರಾಮಸಭೆಯ ಗದ್ದಲದಲ್ಲಿ ಯಾರಿಗೂ ಕೇಳಿಸದು. ಅದಕ್ಕಿಂತ ಮುಖ್ಯ, ಮಗನನ್ನು ಕಳೆದುಕೊಂಡವರ ಮಾತು ಮೈಕಿನಲ್ಲಿ ಕೂಗುವಂಥದ್ದಲ್ಲ. ಒಬ್ಬರು ಒಬ್ಬರಿಗೆ ಕಿವಿಯಲ್ಲಿ ಹೇಳುವಂಥದ್ದು. ಹಳೇ ಲ್ಯಾಂಡ್‌ಲೈನ್ ರಿಸೀವರು ಇದಕ್ಕೆ ಹೇಳಿ ಮಾಡಿಸಿದ್ದು. ಎತ್ತಿ ಕಿವಿಗಿಡುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ, ಫೋಟೋದ ನಂಬರು ಒತ್ತಿದರೆ ಆ ಜಾಗದವರ ದನಿ.

ಫೋನು ಸಿಕ್ಕಿದ್ದು ಗುತ್ತಲು ರಸ್ತೆಯ ಕಡೆಯ ಗುಜರಿಯಲ್ಲಿ, ತೂಕದ ಲೆಕ್ಕದಲ್ಲಿ. ಡಯಲ್ ತಿರುಗಿಸುವ ಕಪ್ಪು ಫೋನೂ ಇತ್ತು, ನೋಡಲು ಚೆಂದ, ಆದರೆ ಇಂದಿನ ಮಕ್ಕಳು ತೂತಿಗೆ ಬೆರಳಿಟ್ಟು ಒತ್ತುತ್ತಾ ನಿಲ್ಲುತ್ತಾರೆ. ಬಟನ್ನಿನದೇ ತಂದೆ. ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಜೊತೆಯಾದವರು ಪೇಟೆಬೀದಿಯ ಹತ್ತಿರ ಟಿ.ವಿ. ರಿಪೇರಿ ಮಾಡುವ ಅಣ್ಣ. ಎಲ್ಇಡಿ ಟಿ.ವಿ. ಬಂದ ಮೇಲೆ ಅವರ ಬೆಸುಗೆ ಕಡ್ಡಿಗೆ ಕೆಲಸ ಕಡಿಮೆಯಾಗಿದೆ. ಇದನ್ನು ಬಿಚ್ಚೋಕೆ ನನಗಿಂತ ಅವರಿಗೇ ಆತುರ.

ಒಳಗೆ ಬೇಕಾದದ್ದು: ಒಂದು ಆರ್ಡುಯಿನೊ ನ್ಯಾನೊ (ಪ್ರೋಗ್ರಾಮು ತುಂಬಿ ನಡೆಸುವ ಪುಟ್ಟ ಬೋರ್ಡು), ಒಂದು ಡಿಎಫ್‌ಪ್ಲೇಯರ್ ಮಿನಿ (ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡ ಎಂಪಿ3 ಬೋರ್ಡು), ಮೈಕ್ರೋ ಎಸ್‌ಡಿ ಕಾರ್ಡು, ಒಂದು 1 ಕಿಲೋ ಓಮ್ ರೆಸಿಸ್ಟರು, ಬ್ಯಾಟರಿ. ಮೊದಲು ಕೀಪ್ಯಾಡು. ಹನ್ನೆರಡು ಬಟನ್ನಿಗೆ ಹನ್ನೆರಡು ವೈರಿಲ್ಲ, ನಾಲ್ಕು ಅಡ್ಡ, ಮೂರು ಉದ್ದ, ಒಟ್ಟು ಏಳೇ ವೈರು. ಮಲ್ಟಿಮೀಟರಿನಲ್ಲಿ ಒಂದೊಂದು ಬಟನ್ ಒತ್ತಿ ಹಿಡಿದು ಯಾವ ಎರಡು ವೈರು ಸೇರುತ್ತವೆ ಅಂತ ಪಟ್ಟಿ ಮಾಡಿ. ಬೀಪ್ ಸದ್ದನ್ನೇ ನಂಬಬೇಡಿ: ಬಟನ್ನಿನ ಕೆಳಗಿರುವುದು ಇಂಗಾಲದ ರಬ್ಬರು, ರೆಸಿಸ್ಟೆನ್ಸ್ ಇರುತ್ತದೆ, ಕೆಲವು ಮೀಟರು ಬೀಪ್ ಮಾಡದೆ ಸುಮ್ಮನಿರುತ್ತವೆ. ಓಮ್ ಅಳತೆಗೆ ಇಟ್ಟು ನೋಡಿ. ರಬ್ಬರನ್ನೂ ಅದು ಮುಟ್ಟುವ ಬೋರ್ಡಿನ ಗೆರೆಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದ ಮೇಲೆ ಸತ್ತಿದ್ದ 7 ಮತ್ತು 8ಕ್ಕೆ ಜೀವ ಬಂತು. ಈ ಏಳು ವೈರನ್ನು ಫೋನಿನ ಮೂಲ ಬೋರ್ಡಿನಿಂದ ಪೂರ್ತಿ ಬಿಡಿಸಿ ನ್ಯಾನೊದ 2ರಿಂದ 8ನೇ ಪಿನ್‌ಗೆ ಹಾಕಿದೆವು. ರಿಸೀವರ್ ಇಟ್ಟಾಗ ಒತ್ತಿಕೊಳ್ಳುವ ಸ್ವಿಚ್ಚು 9ಕ್ಕೆ.

ರಿಸೀವರಿನೊಳಗಿಂದ ಬರುವುದು ನಾಲ್ಕು ವೈರು, ಎರಡು ಕಿವಿಯದು, ಎರಡು ಬಾಯಿಯದು. ಯಾವುದು ಯಾವುದು ಅಂತ ಟಿ.ವಿ. ಅಣ್ಣ ತೋರಿಸಿದ ದಾರಿ ಬಹಳ ಸುಲಭ: ರಿಸೀವರ್ ಕಿವಿಗಿಟ್ಟುಕೊಂಡು, ಗೋಡೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ಲನ್ನು ಎರಡೆರಡು ವೈರಿಗೆ ಮುಟ್ಟಿಸಿ. ‘ಟಕ್’ ಅಂದದ್ದು ಕಿವಿಯದು. ಅದನ್ನು ಡಿಎಫ್‌ಪ್ಲೇಯರಿನ ಎರಡು ಸ್ಪೀಕರ್ ಪಿನ್ನಿಗೆ ಕೊಟ್ಟರೆ ಸಾಕು, ಬೇರೆ ಆಂಪ್ಲಿಫೈಯರು ಬೇಡ. ಈ ಎರಡರಲ್ಲಿ ಯಾವುದನ್ನೂ ಗ್ರೌಂಡಿಗೆ (ಮೈನಸ್ ವೈರಿಗೆ) ಮುಟ್ಟಿಸಬೇಡಿ.

ತೊಂದರೆ ಕೊಟ್ಟದ್ದು ಮೂರು ಕಡೆ. ಒಂದು, ಹಿಂದೆ ಸದಾ ಗುಂಯ್ ಅನ್ನುವ ಸದ್ದು. ನ್ಯಾನೊದಿಂದ ಡಿಎಫ್‌ಪ್ಲೇಯರಿನ ಆರ್‌ಎಕ್ಸ್ (RX, ಆಜ್ಞೆ ಪಡೆಯುವ) ಪಿನ್ನಿಗೆ ಹೋಗುವ ವೈರಿನ ನಡುವೆ ಆ 1 ಕಿಲೋ ಓಮ್ ರೆಸಿಸ್ಟರ್ ಹಾಕಿದ ಕೂಡಲೇ ನಿಂತಿತು. ಎರಡು, 3 ಒತ್ತಿದರೆ 5ರ ಮಾತು ಬರುವುದು. ಈ ಬೋರ್ಡು ಸುಮ್ಮನೆ ಬಿಟ್ಟರೆ ಫೈಲಿನ ಹೆಸರು ನೋಡುವುದಿಲ್ಲ, ಕಾರ್ಡಿಗೆ ಯಾವುದು ಮೊದಲು ಕಾಪಿಯಾಯಿತೋ ಅದನ್ನೇ ಒಂದು ಅನ್ನುತ್ತದೆ. ಕಾರ್ಡನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ‘mp3’ ಹೆಸರಿನ ಫೋಲ್ಡರಿನಲ್ಲಿ 0001, 0002 ಅಂತ ನಾಲ್ಕಂಕಿಯ ಹೆಸರಿಟ್ಟು, ಪ್ರೋಗ್ರಾಮಿನಲ್ಲಿ ಆ ಫೋಲ್ಡರಿನಿಂದಲೇ ನುಡಿಸುವ ಆಜ್ಞೆ ಬಳಸಿದರೆ ಅದಲುಬದಲಾಗುವುದಿಲ್ಲ. ಮೂರು, ಪವರ್ ಬ್ಯಾಂಕು. ಫೋನು ಸುಮ್ಮನಿದ್ದಾಗ ಎಳೆಯುವ ಕರೆಂಟು ತೀರಾ ಕಡಿಮೆ, ಪವರ್ ಬ್ಯಾಂಕು ‘ಯಾರೂ ಇಲ್ಲ’ ಅಂದುಕೊಂಡು ತಾನೇ ಆಫ್ ಆಗುತ್ತದೆ. ಅದನ್ನು ಬಿಟ್ಟು 18650 ಅನ್ನುವ ರೀಚಾರ್ಜ್ ಮಾಡುವ ಲಿಥಿಯಂ ಸೆಲ್ಲು, ಚಾರ್ಜಿಂಗಿಗೆ ಟಿಪಿ4056 ಬೋರ್ಡು, ಐದು ವೋಲ್ಟಿಗೆ ಏರಿಸಲು ಬೂಸ್ಟ್ ಬೋರ್ಡು ಹಾಕಿದೆವು. ಟಿಪಿ4056 ತರುವಾಗ ಸೆಲ್ ರಕ್ಷಣೆ ಇರುವುದನ್ನೇ ಕೇಳಿ ತನ್ನಿ. ಬೂಸ್ಟ್ ಬೋರ್ಡಿನ ಸ್ಕ್ರೂ ತಿರುಗಿಸಿ ಮೀಟರಿನಲ್ಲಿ ಐದು ವೋಲ್ಟ್ ನೋಡಿಕೊಂಡ ಮೇಲೆಯೇ ಉಳಿದದ್ದಕ್ಕೆ ಜೋಡಿಸಿ, ಮೊದಲೇ ಜೋಡಿಸಿದರೆ ನ್ಯಾನೊ, ಡಿಎಫ್‌ಪ್ಲೇಯರ್ ಎರಡೂ ಸುಟ್ಟುಹೋಗಬಹುದು.

ಪ್ರೋಗ್ರಾಮು ಸಣ್ಣದು. ರಿಸೀವರ್ ಎತ್ತಿದರೆ ಒಂದು ಹುಡುಗಿಯ ದನಿ ‘ನಮಸ್ಕಾರ, ಯಾವ ಫೋಟೋ ನೋಡ್ತಿದ್ದೀರಾ, ಆ ನಂಬರ್ ಒತ್ತಿ’ ಅನ್ನುತ್ತದೆ. ನಂಬರ್ ಒತ್ತಿದರೆ ಆ ಫೈಲು, ನಡುವೆ ಬೇರೆ ನಂಬರ್ ಒತ್ತಿದರೆ ಅದಕ್ಕೆ ಜಿಗಿತ, ಕೆಳಗಿಟ್ಟರೆ ಬಂದ್. ಬಟನ್ ಒಂದು ಸಲ ಒತ್ತಿದ್ದನ್ನು ಎರಡು ಅಂತ ಎಣಿಸದಿರಲು ಕೀಪ್ಯಾಡ್ ಲೈಬ್ರರಿಯಲ್ಲಿರುವ ವ್ಯವಸ್ಥೆಯೇ ಸಾಕಾಯಿತು.

ಮಾತು

ಏರಿ ಮೇಲೆ ನಿಂತು ರೆಕಾರ್ಡ್ ಮಾಡಲು ಹೋದರೆ ಗಾಳಿಯದೇ ಭಾಷಣ. ಜಗುಲಿಯಲ್ಲಿ ಕೂತು, ಕಾಲರ್ ಮೈಕಿಗೆ ಸ್ಪಂಜು ತೊಡಿಸಿ, ಮಿಕ್ಸಿ, ಟಿ.ವಿ. ನಿಂತಾಗ ಮಾಡಿದ್ದು. ಯಾವುದೂ ಒಂದೂವರೆ ನಿಮಿಷ ದಾಟಿಲ್ಲ, ಅದಕ್ಕಿಂತ ಹೆಚ್ಚು ಹೊತ್ತು ಜನ ರಿಸೀವರ್ ಹಿಡಿಯುವುದಿಲ್ಲ, ಹಿಂದೆ ಸಾಲೂ ಇರುತ್ತದೆ. ಕತ್ತರಿಸಿದ್ದನ್ನು ಹೇಳಿದವರಿಗೇ ಮೊದಲು ಅದೇ ಫೋನಿನಲ್ಲಿ ಕೇಳಿಸಿ, ಒಪ್ಪಿದ ಮೇಲೆ ಕಾರ್ಡಿಗೆ. ಹೆಸರು ಹಾಕಿಲ್ಲ. ಆದರೆ ಊರಲ್ಲಿ ದನಿ ಕೇಳಿದರೆ ಯಾರು ಅಂತ ಗೊತ್ತಾಗಿಯೇ ಆಗುತ್ತದೆ, ಅದನ್ನು ಬಿಡಿಸಿ ಹೇಳಿಯೇ ಒಪ್ಪಿಗೆ ಕೇಳಿದ್ದು. ಒಬ್ಬರು ಮೊದಲು ಒಪ್ಪಿ, ಕೇಳಿಸಿಕೊಂಡ ಮೇಲೆ ‘ಬ್ಯಾಡ ಕನಪ್ಪ’ ಅಂದರು. 6ನೇ ನಂಬರಿನಲ್ಲಿ ಈಗ ಆ ಜಾಗದ ತೂಬಿನ ನೀರಿನ ಸದ್ದು ಮಾತ್ರ ಇದೆ. ಯಾಕೆ ಅಂತ ಕೇಳಿದವರಿಗೆ ನಾವು ಹೇಳುವುದಿಲ್ಲ.

ಅತಿ ಹೆಚ್ಚು ಒತ್ತಿಸಿಕೊಳ್ಳುವುದು 2. ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಅಕ್ಕ ಅಳುವುದಿಲ್ಲ, ಗೋಳಾಡುವುದಿಲ್ಲ. ನೀರು ಬಿಟ್ಟದ್ದು ಹೇಗೆ ಗೊತ್ತಾಗುತ್ತದೆ, ಯಾವ ಮೆಟ್ಟಿಲು ಮುಳುಗಿದರೆ ಎದ್ದು ಬರಬೇಕು, ಜಾರಿದವರಿಗೆ ಸೀರೆ ಹೇಗೆ ಎಸೆಯಬೇಕು ಅಂತ ಪಾಠ ಮಾಡುತ್ತಾಳೆ. ನಾವು ದುಃಖ ಹುಡುಕಿಕೊಂಡು ಹೋಗಿದ್ದೆವು, ಆಕೆ ಕೈಗೆ ಉಪಾಯ ಕೊಟ್ಟಳು. ಶಾಲೆ ಮಕ್ಕಳು ಅದನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ.

ಹಾಕಿದ ಮೇಲೆ

ಸಮುದಾಯ ಭವನ, ಶಾಲೆ, ಡೈರಿ ಜಗುಲಿ. ಡೈರಿಯೇ ಅತ್ಯುತ್ತಮ: ಹಾಲು ಹಾಕಲು ಎರಡು ಹೊತ್ತೂ ಊರೆಲ್ಲ ಬರುತ್ತದೆ, ಸಾಲಿನಲ್ಲಿ ನಿಂತವರಿಗೆ ನೋಡಲು ಬೇರೇನೂ ಇರುವುದಿಲ್ಲ. ಮೈಸೂರಿನ ಕಲಾಮಂದಿರದ ಗ್ಯಾಲರಿಯಲ್ಲಿ ಹಾಕಿ ಅಂತ ಗೆಳೆಯರು ಹೇಳುತ್ತಲೇ ಇದ್ದಾರೆ. ಹಾಕಬಹುದು, ಆದರೆ ಅಲ್ಲಿ ದಾರ ಬಿಚ್ಚಿ ನೆಲಕ್ಕೆ ಹಾಸುವವರು ಸಿಗುತ್ತಾರಾ ಅನ್ನುವುದು ನನ್ನ ಅನುಮಾನ.

ಗ್ರಾಮಸಭೆಯಲ್ಲಿ ಹಾಕಿದ ದಿನ ಮನವಿ ಬರೆದದ್ದು ಫೋಟೋಗಳ ಮುಂದೆಯೇ ಕೂತು. ಪ್ರತಿ ಜಾಗಕ್ಕೂ ಒಂದು ಸಾಲು: ಫೋಟೋ ನಂಬರು, ಜಿಪಿಎಸ್ ಅಂಕಿ, ಅಂಚಿನ ಅಳತೆ, ಅಳೆದ ದಿನಾಂಕ, ಏನು ಬೇಕು. ಎಲ್ಲ ಕಡೆಯೂ ಗೋಡೆ ಅಲ್ಲ. ಮೆಟ್ಟಿಲಿಗೆ ಕಂಬಿ, ತಿರುವಿಗೆ ರಿಫ್ಲೆಕ್ಟರ್ ಕಲ್ಲು ಅಂತ ಜನರೇ ಬರೆಸಿದರು. ಒಂದು ಕಚೇರಿಯವರು ‘ಈ ರಸ್ತೆ ನಮಗೆ ಬರಲ್ಲ’ ಅಂದರು. ಇನ್ನೊಂದು ಕಚೇರಿಯವರೂ ಅದನ್ನೇ ಅಂದರು. ಏರಿ ನೀರಾವರಿಯವರದು, ಮೇಲಿನ ಡಾಂಬರು ಇನ್ನೊಬ್ಬರದು, ಮೆಟ್ಟಿಲು ಯಾರದ್ದೂ ಅಲ್ಲ. ಈಗ ನಕ್ಷೆಯಲ್ಲಿ ಪ್ರತಿ ರಸ್ತೆಯ ಪಕ್ಕ ಬಟ್ಟೆಯ ಸಣ್ಣ ಜೇಬು ಹೊಲಿದಿದ್ದೇವೆ. ಲಿಖಿತ ಉತ್ತರ ಬಂದದ್ದರ ಜೆರಾಕ್ಸ್ ಅದರೊಳಗೆ. ಬಾರದಿದ್ದ ಕಡೆ ಜೇಬು ಖಾಲಿ, ಅದನ್ನೂ ಜನ ಕೈ ಹಾಕಿ ನೋಡುತ್ತಾರೆ. ಮೆಟ್ಟಿಲಿನ ಎರಡು ಕಡೆ ಕಂಬಿ ಬಂದಿದೆ; ಹಾಕಿಸಿದ್ದು ಊರಿನವರೇ ದುಡ್ಡು ಸೇರಿಸಿ, ಕಬ್ಬಿಣದ ಪೈಪು ವೆಲ್ಡಿಂಗ್ ಮಾಡಿಸಿ.

ರಿಪೇರಿ ಬಾಕಿ: ರಿಸೀವರಿನ ಸುರುಳಿ ವೈರು ಮಕ್ಕಳು ಎಳೆದು ಬುಡದಲ್ಲಿ ಸಡಿಲವಾಗಿದೆ, ಹೊಸದು ಸಿಗುವವರೆಗೆ ಒಳಗೆ ಗಂಟು ಹಾಕಿ ಬಿಸಿ ಅಂಟು ಸುರಿದಿದ್ದೇವೆ. 8ನೇ ಬಟನ್ ಮತ್ತೆ ಸತ್ತಿದೆ, ಈ ಸಲ ರಬ್ಬರೇ ಬದಲಿಸಬೇಕು. ಒಂದು ಕಡೆ ರಸ್ತೆಗೆ ಹೊಸ ಡಾಂಬರು ಹಾಕುವಾಗ ಸ್ವಲ್ಪ ಅಗಲ ಮಾಡಿದ್ದಾರೆ, ಗೋಡೆ ಕಟ್ಟಿಲ್ಲ. ಹಾಗಾಗಿ ನಾಲ್ಕನೇ ದಾರವನ್ನು ಇನ್ನೂ ಗಿಡ್ಡ ಕತ್ತರಿಸಬೇಕು. ಹಳೇ ದಾರ ಬಿಸಾಡುವುದಿಲ್ಲ, ಎರಡನ್ನೂ ದಿನಾಂಕದ ಸಮೇತ ಒಂದೇ ಮೊಳೆಗೆ ಕಟ್ಟುತ್ತೇವೆ.